ಯರ್ರಪ್ಪನಿಗೆ ಕಂಬಳಿ

ಹೆಣದ ಬಲಗೈ ಕೋಟಿನ ತೋಳಿನೊಳಗೆ ಹೋಗಲೊಲ್ಲದು. ನಾಗರತ್ನ ಒಂದು ಕಡೆಯಿಂದ ಎಳೆದಳು, ಪಕ್ಕದ ಮನೆಯ ಕ್ಯಾತಣ್ಣ ಇನ್ನೊಂದು ಕಡೆಯಿಂದ ತಳ್ಳಿದ. ಚಿಕ್ಕಪ್ಪ ಯರ್ರಪ್ಪ ಬದುಕಿದ್ದಾಗಲೂ ಹೀಗೆಯೇ. ಕರೆದ ಕಡೆ ಬಂದವನಲ್ಲ.

"ನೆಲ ಹಂಚಿನಂಗೆ ಕಾದೈತೆ, ಈ ಮನುಷ್ಯಂಗೆ ಹಿಮದ ಕೋಟು," ಅಂದ ಕ್ಯಾತಣ್ಣ. "ನೋಡಿದೋರು ಏನಂತಾರೆ?"

"ಅಪ್ಪ ಕಂಬಳಿ ಕೊಡಲ್ಲ ಅಂದಮೇಲೆ ಇನ್ನೇನು ಹೊದಿಸ್ಲಿ?"

ದೊಡ್ಡಉಳ್ಳಾರ್ತಿಯಲ್ಲಿ ಅವರದು ದೇವರ ಎತ್ತು ಕಾಯುವ ಮನೆತನ. ಆ ಮನೆಯ ಗಂಡಸು ಸತ್ತರೆ ಮೊದಲು ಎತ್ತಿಗೆ ತೋರಿಸಬೇಕು. ಆಮೇಲೆ ಮನೆಯ ಹಿರಿಯ ತನ್ನ ಹೆಗಲ ಕಂಬಳಿ ತೆಗೆದು ಹೆಣಕ್ಕೆ ಹೊದಿಸಬೇಕು. ಕಂಬಳಿ ಬಿದ್ದರೆ ಅವನು ಮಂದೆಯವನು. ಬೀಳದಿದ್ದರೆ ದಾರಿಹೋಕ, ವರ್ಷಕ್ಕೊಮ್ಮೆ ಸತ್ತವರ ಹೆಸರು ಕೂಗಿ ಎಡೆ ಇಡುವಾಗ ಅವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಈಗ ಹಿರಿಯ ಅಂದರೆ ನಾಗರತ್ನಳ ಅಪ್ಪ, ಯರ್ರಪ್ಪನ ಒಡಹುಟ್ಟಿದ ಅಣ್ಣ ಗಾದ್ರಪ್ಪ. ಬೆಳಿಗ್ಗೆಯಿಂದ ಅವನು ಕಂಬಳಿಯನ್ನು ಹೆಗಲ ಮೇಲೆ ಬಿಗಿಯಾಗಿ ಹಿಡಿದುಕೊಂಡೇ ಜಗುಲಿಯ ಮೇಲೆ ಕೂತಿದ್ದ, ಹೆಣ ಎದ್ದು ಬಂದು ಕಿತ್ತುಕೊಳ್ಳುತ್ತದೇನೋ ಅನ್ನುವ ಹಾಗೆ.

ನಾಗರತ್ನಳಿಗೆ ಚಿಕ್ಕಪ್ಪನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಆದರೆ ಆರು ವರ್ಷ ಅವನಿಗೆ ಮುದ್ದೆ ತಿರುವಿದವಳು ಅವಳು. ಅವನು ದಾರಿಹೋಕನಾದರೆ ತಾನು ತಿರುವಿದ್ದು ಯಾರಿಗೆ? ಕಂಬಳಿ ಅವಳಿಗೆ ಬೇಕಿತ್ತು.

ಹೊರಗೆ ಉಚ್ಚಂಗೆಮ್ಮನ ದನಿ ಕೇಳಿಸಿತು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಲಡಿ ಸುತ್ತುವ ಅತ್ತೆ, ಅಪ್ಪನ ತಂಗಿ, ಆಗಷ್ಟೇ ಬಸ್ಸಿಳಿದು ಬಂದಿದ್ದಳು.

"ಏಮನ್ನಾ, ನಮ್ ತಮ್ಮುಡು ಕದಾ, ನಮ್ ತಮ್ಮ ಅಲ್ವಾ. ಒಂದು ಕಂಬಳಿಗೆ ಇಷ್ಟು ಹಟಾನಾ?"

"ನಿನ್ ತಮ್ಮಂಗೆ ರಷ್ಯಾದೋರು ಬಂದು ಹೊದಿಸ್ತಾರೆ ಬಿಡು," ಅಂದ ಗಾದ್ರಪ್ಪ.

"ಅವರೆಲ್ಲಿ ಬರ್ತಾರೆ?"

"ಹೂಂ, ಎಲ್ಲಿ ಬರ್ತಾರೆ. ಅವರು ಸತ್ತು ಐನೂರು ವರ್ಷ ಆತು. ಬದುಕಿರೋರ ಸಹವಾಸ ಇವನು ಯಾವತ್ತು ಮಾಡಿದ್ದ?"

ಜಗುಲಿಯಲ್ಲಿ ಕೂತವರು ನಕ್ಕರು. ಸಾವಿನ ಮನೆಯಾದ್ದರಿಂದ ಬಾಯಿಗೆ ಟವಲು ಅಡ್ಡ ಹಿಡಿದು ನಕ್ಕರು.

*

ಅಜ್ಜಿ ಬೋರಕ್ಕನ ಕತೆಗಳಲ್ಲಿ ಕಿರಿಯ ಮಗ ಏಳು ಸಮುದ್ರ ದಾಟಿ ಹೋಗುತ್ತಿದ್ದ. ಬರುವಾಗ ಹಾರುವ ಕುದುರೆಯನ್ನೋ, ಕುರುಡರಿಗೆ ಕಣ್ಣು ಕೊಡುವ ಹೂವನ್ನೋ ತರುತ್ತಿದ್ದ. ಬೋರಕ್ಕನ ಸ್ವಂತ ಕಿರಿಯ ಮಗ ಓದಲು ಮಾಸ್ಕೋಗೆ ಹೋಗಿ ತುಪ್ಪಳದ ಕಾಲರಿನ ಒಂದು ಕೋಟು ತಂದ. ನಡುಗಾಲದ ರಷ್ಯಾದ ಜನ ಹೇಗೆ ಬದುಕಿದರು ಅನ್ನುವುದೇ ಅವನ ವಿದ್ಯೆ. ಅದನ್ನೇ ಊರೂರಿನ ಯೂನಿವರ್ಸಿಟಿಗಳಲ್ಲಿ ಪಾಠ ಮಾಡಿದ, ಯಾರೂ ಓದದ ದಪ್ಪ ಪುಸ್ತಕಗಳನ್ನು ಬರೆದ, ಮದುವೆಯಾಗುವುದನ್ನು ಮರೆತ. ಬೋರಕ್ಕ ಸತ್ತ ದಿನ ಅವನು ಯಾವುದೋ ಸಭೆಯಲ್ಲಿ ರಷ್ಯಾದ ವಿಧವೆಯರು ಚಳಿಗಾಲ ಹೇಗೆ ಕಳೆಯುತ್ತಿದ್ದರು ಅಂತ ಭಾಷಣ ಮಾಡುತ್ತಿದ್ದ.

ನಿವೃತ್ತನಾಗಿ ಊರಿಗೆ ಬಂದ ಮೇಲೆ ಸಂಜೆಯ ಹೊತ್ತು ಒಲೆಯ ಮುಂದೆ ಕೂತು ಅವನೂ ಕತೆ ಹೇಳುತ್ತಿದ್ದ.

"ಸುಗ್ಗಿ ಮುಗಿದ ಮೇಲೆ ವರ್ಷಕ್ಕೆ ಒಂದೇ ಸಲ ಒಕ್ಕಲು ತನ್ನ ಒಡೆಯನನ್ನ ಬಿಟ್ಟು ಹೋಗಬಹುದಿತ್ತು, ರತ್ನ. ಆಮೇಲೆ ಅದನ್ನೂ ಮುಚ್ಚಿಬಿಟ್ರು." ಅಂದಾಗ ಒಂದು ಸಲ ಅವನ ಕಣ್ಣು ತುಂಬಿತ್ತು.

"ಬಿಟ್ಟು ಎಲ್ಲಿಗೆ ಹೋಗ್ತಿದ್ರು?"

"ಇನ್ನೊಬ್ಬ ಒಡೆಯನ ಹತ್ರ."

"ಅಷ್ಟಕ್ಕೆ ಅಳ್ತೀರಾ?"

ಅದೇ ವಾರ ಮನೆಯ ಹಸು ಅಂಗಳದಲ್ಲಿ ಕಾಲು ಬಡಿದು ಸತ್ತಿತು. ಯರ್ರಪ್ಪ ಎದ್ದು ಹೋಗಿ ಕಿಟಕಿ ಹಾಕಿಕೊಂಡ.

*

ಮಧ್ಯಾಹ್ನಕ್ಕೆ ಕಾರು ಬಂತು. ಯೂನಿವರ್ಸಿಟಿಯ ಇಬ್ಬರು ಮೇಷ್ಟ್ರುಗಳು ಇಳಿದರು. ಒಬ್ಬನ ಕೈಯಲ್ಲಿ ಸನ್ಮಾನದ ಶಾಲು, ಇನ್ನೊಬ್ಬನ ಕೈಯಲ್ಲಿ ಭಾಷಣ. ಶಾಲಿನವನು ಹೆಣದ ಮೈಮೇಲಿನ ಕೋಟು ನೋಡಿ ಎಲ್ಲಿ ಹೊದಿಸುವುದು ಅಂತ ತಿಳಿಯದೆ ಅದನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡ.

ಚಟ್ಟ ಎತ್ತುವ ಹೊತ್ತಿಗೆ ನಾಲ್ಕನೇ ಹೆಗಲು ಬೇಕಾಯಿತು.

"ಲೇ ಕಾಮಣ್ಣ, ಬಾರಲೇ," ಅಂದ ಕ್ಯಾತಣ್ಣ.

"ಅದು ನನ್ನ ಕ್ಷೇತ್ರ ಅಲ್ಲ ಕಣಪ್ಪ," ಅಂದ ಕಾಮಣ್ಣ. ಊರೇ ಗೊಳ್ಳೆಂದಿತು. ಈ ಸಲ ಟವಲೂ ಅಡ್ಡ ಬರಲಿಲ್ಲ. ಭಾಷಣದವನು ಏನೂ ತಿಳಿಯದೆ ತಾನೂ ಸ್ವಲ್ಪ ನಕ್ಕ. ಕಾಮಣ್ಣ ಆಮೇಲೆ ಬಂದು ಹೆಗಲು ಕೊಟ್ಟ.

*

ಆ ಮಾತು ಹುಟ್ಟಿದ್ದು ಚಳ್ಳಕೆರೆಯಲ್ಲಿ. ಊರ ದನ ಮೇಯುವ ಕಾವಲಿನ ಹುಲ್ಲುಗಾವಲನ್ನು ಸರ್ಕಾರ ತಗೊಳ್ಳುತ್ತದೆ ಅಂತ ಸುದ್ದಿಯಾದಾಗ ಊರಿನವರು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ವಿಚಾರಣೆಗೆ ಹೋಗಿದ್ದರು. ಟ್ರೇಲರಿನಲ್ಲಿ ಒಂದೇ ಒಂದು ಕುರ್ಚಿ, ಅದು ಯರ್ರಪ್ಪನಿಗೆ. ಅಧಿಕಾರಿ ಕೇಳಿದ್ದು ಇಷ್ಟೇ: ಇಲ್ಲಿ ನೀವು ಹಿಂದಿನಿಂದ ದನ ಮೇಯಿಸಿಕೊಂಡು ಬಂದಿದ್ದೀರಿ ಅಂತ ಬಲ್ಲವರು ಯಾರಾದರೂ ಹೇಳುತ್ತಾರಾ?

ಗಾದ್ರಪ್ಪ ಎದೆಯುಬ್ಬಿಸಿ ತಮ್ಮನ ಕಡೆ ಕೈ ತೋರಿಸಿದ್ದ. "ನಮ್ ಯರ್ರಪ್ಪ ಹೇಳ್ತಾನೆ. ದೊಡ್ಡ ಇತಿಹಾಸ ಓದಿದೋನು."

ಯರ್ರಪ್ಪ ಎದ್ದು ನಿಂತ. ಕನ್ನಡಕ ತೆಗೆದು ಒರೆಸಿದ. "ಕ್ಷಮಿಸಬೇಕು. ಇದು ನನ್ನ ಕ್ಷೇತ್ರ ಅಲ್ಲ. ನಾನು ಕೆಲಸ ಮಾಡಿರೋದು ಹದಿನೈದನೇ ಶತಮಾನದ ರಷ್ಯಾದ ಮೇಲೆ," ಅಂದು ಕೂತ.

ಬರುವಾಗ ಕುರ್ಚಿಯಲ್ಲಿ, ವಿಚಾರಣೆಗೆಂದೇ ಬಂದಿದ್ದ ಉಚ್ಚಂಗೆಮ್ಮ ಕೂತಳು.

ಅವತ್ತು ನಾಗರತ್ನ ತಟ್ಟೆಯನ್ನು ಅವನ ಮುಂದೆ ಕುಕ್ಕಿದ್ದಳು. "ಚಿಕ್ಕವರಿದ್ದಾಗ ನೀವೇ ಅಲ್ಲಿ ದನ ಕಾಯ್ದಿದ್ದು ಗೊತ್ತಿರ್ಲಿಲ್ವಾ?"

"ಅದು ನೆನಪು, ರತ್ನ. ನೆನಪು ಆಧಾರ ಅಲ್ಲ."

ಮುಂದಿನ ವರ್ಷ ಕಾವಲಿನ ಸುತ್ತ ಗೋಡೆ ಎದ್ದಿತು. ದನ ಗೋಡೆಯ ಈಚೆ ಉಳಿದವು, ಹುಲ್ಲು ಆಚೆ.

*

ಗುಂಡಿ ತೋಡಿದ್ದು ಆ ಗೋಡೆಯ ಪಕ್ಕದಲ್ಲೇ. ಹೆಣವನ್ನು ಅಂಚಿನಲ್ಲಿ ಮಲಗಿಸಿದರು. ಎತ್ತಿಗೆ ತೋರಿಸುವುದನ್ನು ಮಾತ್ರ ಗಾದ್ರಪ್ಪ ತಪ್ಪಿಸಲಿಲ್ಲ. "ನೋಡ್ಲಿ. ತನ್ ಹೊಟ್ಟೆ ಮೇಲೆ ಹೊಡೆದೋನು ಯಾರು ಅಂತ ಅದಕ್ಕೂ ಗೊತ್ತಾಗ್ಲಿ."

ಮಂದೆ ಕಾಯುವ ಚಿಕ್ಕೀರಪ್ಪ ಎತ್ತನ್ನು ಕರೆದು ತಂದ. ಕೊಂಬಿಗೆ ಕಟ್ಟಿದ ಬಟ್ಟೆ ಹೊಸದು, ಪಕ್ಕೆಲುಬು ಎಣಿಸುವಂತಿದ್ದವು. ಅದು ಹೆಣದ ಮುಖ ಮೂಸಲಿಲ್ಲ. ಕುತ್ತಿಗೆ ಚಾಚಿ ಕೋಟಿನ ಅಂಚಿಗೆ ಬಾಯಿ ಹಾಕಿತು.

ನಾಗರತ್ನ ಬಗ್ಗಿ ನೋಡಿದಳು. ಬೆಳಿಗ್ಗೆ ತೋಳಿನ ಜೊತೆ ಗುದ್ದಾಡುವಾಗ ಕಣ್ಣಿಗೆ ಬಿದ್ದಿರಲಿಲ್ಲ. ಕೋಟಿನ ಅಂಚಿಗೆ, ಮಗ್ಗುಲಿಗೆ, ತುಪ್ಪಳದೊಳಗೆ ಕರಡದ ಹುಲ್ಲು ಸಿಕ್ಕಿಕೊಂಡಿತ್ತು, ತೆನೆ ಸಮೇತ. ಗೋಡೆಯ ಈಚೆ ಆ ಹುಲ್ಲು ಕಂಡು ಎಷ್ಟೋ ಕಾಲವಾಗಿತ್ತು.

"ಮಳೆನೀರು ಹೋಗೋ ಮೋರಿ ಐತಲ್ಲ," ಅಂದ ಚಿಕ್ಕೀರಪ್ಪ, "ಸಂಜೆ ಈ ಕೋಟು ಹಾಕ್ಕಂಡು ಅದರಾಗೆ ತೂರ್ಕೊಂಡು ಆಚೆಗೆ ಹೋಗ್ತಿದ್ದ. ಹೆಗ್ಗಣದಂಗೆ."

"ಹೋಗಿ?" ಅಂದ ಗಾದ್ರಪ್ಪ.

"ಹುಲ್ಲಾಗೆ ಬಿದ್ಕಂಡಿರ್ತಿದ್ದ."

"ಬಿದ್ಕಂಡು?"

"ಅಷ್ಟೇ."

"ಥೂ," ಅಂದ ಗಾದ್ರಪ್ಪ.

ಎತ್ತು ಜಗ್ಗಿತು. ಕೋಟಿನ ಗುಂಡಿಯೊಂದು ಕಿತ್ತು ಹಾರಿತು. ಭಾಷಣದವನು ಬೆವರು ಒರೆಸಿಕೊಂಡ. "ಯಾರಾದ್ರೂ ಓಡಿಸ್ರಿ ಅದನ್ನ."

"ದೇವರ ಎತ್ತು ಸಾರ್. ಕೋಲು ಎತ್ತಂಗಿಲ್ಲ."

"ಮತ್ತೆ ಎಷ್ಟು ಹೊತ್ತು ಹೀಗೆ?"

"ಹುಲ್ಲು ಮುಗಿಯೋವರ್ಗೂ."

ಎಲ್ಲರೂ ಬಿಸಿಲಲ್ಲಿ ನಿಂತರು. ಅಂಚು ಮುಗಿಯಿತು, ಮಗ್ಗುಲು ಮುಗಿಯಿತು, ಕಾಲರು ಹರಿಯಿತು. ಕೋಟು ತೆರೆದುಕೊಂಡು ಒಳಗಿನ ಹಳೆಯ ಬನಿಯನ್ ಕಾಣಿಸಿತು. ಕೊನೆಗೆ ಎತ್ತು ತಾನಾಗಿಯೇ ಎರಡು ಹೆಜ್ಜೆ ಹಿಂದೆ ಸರಿಯಿತು. ಹೆಣವನ್ನು ಹಾಗೆಯೇ ಗುಂಡಿಗೆ ಇಳಿಸಿದರು. ಉಚ್ಚಂಗೆಮ್ಮ ಅಣ್ಣನ ಕಡೆ ನೋಡಿದಳು. ಗಾದ್ರಪ್ಪ ಗೋಡೆಯ ಕಡೆ ನೋಡುತ್ತಿದ್ದ.

"ಅಪ್ಪಾ," ಅಂದಳು ನಾಗರತ್ನ, "ಎತ್ತು ಎಂಜಲು ಮಾಡಿದ್ದನ್ನ ಬರೀ ಮಣ್ಣಿಗೆ ಹಾಕಂಗಿಲ್ಲ."

"ಅದಕ್ಕೆ?"

"ಅವರಿಗೆ ಹಾಕಬ್ಯಾಡ. ಕೋಟಿಗೆ ಹಾಕು."

ಗಾದ್ರಪ್ಪ ಮಗಳನ್ನು ನೋಡಿದ, ಎತ್ತಿನ ಬಾಯಿ ನೋಡಿದ. ಹೆಗಲ ಮೇಲಿನ ಕಂಬಳಿ ಕಿತ್ತು, ಹಳಸಿದ್ದನ್ನು ನಾಯಿಗೆ ಎಸೆದಂತೆ ಎಸೆದ. ಅದು ಬಿಚ್ಚಿಕೊಳ್ಳದೆ, ಮಡಿಕೆ ಮಡಿಕೆಯಾಗಿ, ಮೊಣಕಾಲಿನ ಮೇಲೆ ಸೊಟ್ಟಗೆ ಬಿತ್ತು. ಸರಿಮಾಡಲು ಯಾರೂ ಇಳಿಯಲಿಲ್ಲ.

ಮಣ್ಣು ಬೀಳತೊಡಗಿತು. ಎತ್ತು ಗುಂಡಿಯ ಅಂಚಿನಲ್ಲೇ ನಿಂತು ಮೆಲುಕು ಹಾಕುತ್ತಿತ್ತು, ರಷ್ಯಾದ ತುಪ್ಪಳದ ಒಂದು ಎಳೆ ಅದರ ತುಟಿಯಿಂದ ಜೋತುಬಿದ್ದಿತ್ತು.