ಅಪ್ಪನ ಹೆಸರಿನ ಕಲ್ಲು

ಕಲ್ಲಿನ ಮೇಲಿದ್ದದ್ದು ಅಪ್ಪನ ಹೆಸರೇ. ಸೂಕ್ ಫೂನ್ ಪಾಚಿಯನ್ನು ಉಗುರಿನಿಂದ ಕೆರೆದು ಮತ್ತೊಮ್ಮೆ ಓದಿದಳು: ಲ್ಯೂ ತ್ಯಾಮ್ ಫಾತ್. ಹುಟ್ಟಿದ ವರ್ಷ ಸರಿಯಾಗಿಯೇ ಇತ್ತು. ಅದರ ಕೆಳಗೆ ಸತ್ತ ವರ್ಷ. ಆಗ ಅವಳಿನ್ನೂ ಹುಟ್ಟಿರಲೇ ಇಲ್ಲ.

ಅಪ್ಪ ಬೆಳಿಗ್ಗೆಯಷ್ಟೇ ಇಪೋದಿಂದ ಫೋನಿನಲ್ಲಿ ಮಾತಾಡಿದ್ದರು. ಹುಡುಗನಾಗಿದ್ದಾಗ ಸಮುದ್ರ ದಾಟಿ ಅಲ್ಲಿಗೆ, ಮಲಯಾದ ತವರದ ಗಣಿಗೆ ಹೋದವರು ಮತ್ತೆ ಹುಟ್ಟೂರು ಶೆಕ್ ಖೆಂ ಕಡೆ ಮುಖ ಹಾಕಿರಲಿಲ್ಲ. ಊರಲ್ಲಿ ನಮ್ಮವರು ಯಾರೂ ಉಳಿದಿರಲಾರರು ಅನ್ನುತ್ತಿದ್ದರು. ಆದರೆ ಅವರ ತಂಗಿ ಮೊಯ್ ಉಳಿದಿದ್ದಳು. ನಿನ್ನೆ ಅಂಗಳದಲ್ಲಿ ಸಾಸಿವೆ ಸೊಪ್ಪು ಒಣಹಾಕುತ್ತಿದ್ದ ಆ ಮುದುಕಿ, ಬಂದವಳು ಯಾರ ಮಗಳೆಂದು ತಿಳಿದಾಗ ಸೊಪ್ಪಿನ ನಡುವೆಯೇ ಕೂತುಬಿಟ್ಟಳು. "ಇದಾನಾ?" ಎಂದಷ್ಟೇ ಕೇಳಿದಳು. "ಇದಾರೆ ಅತ್ತೆ" ಎಂದರೆ ಮತ್ತೇನೂ ಕೇಳಲಿಲ್ಲ. ಇವತ್ತು ಅಪ್ಪ ಗೋಗರೆದರೂ ಫೋನ್ ಮುಟ್ಟಲಿಲ್ಲ. "ಮೊದ್ಲು ಗುಡ್ಡಕ್ಕೆ ಹೋಗಿಬರಣ ನಡಿ" ಎಂದು ಬುಟ್ಟಿ, ಗುದ್ದಲಿ ಎತ್ತಿಕೊಂಡಳು.

"ಏನತ್ತೆ ಇದು?"

"ನಿಮ್ಮಜ್ಜಿ ಮಾಡ್ಸಿದ್ದು." ಅತ್ತೆ ಹುಲ್ಲಿನ ಮೇಲೆ ಕಾಲು ಚಾಚಿದಳು. "ಆಗಿನ ಕಾಲ ಹಾಗಿತ್ತು ಕಣೇ. ಹೊರದೇಶದಲ್ಲಿ ನೆಂಟ್ರಿದಾರೆ ಅಂದ್ರೆ ಸಾಕು, ಪಾರ್ಟಿಯೋರು ಎಲ್ಲರ ಮುಂದೆ ಮಂಡಿಯೂರಿಸಿ ಹೊಡೀತಿದ್ರು. ನಿಮ್ಮ ತಾತ ಒಂದ್ಸಲ ಹಾಗೆ ಏಟು ತಿಂದು ಬಂದೋರು ಮತ್ತೆ ನೆಟ್ಟಗೆ ನಡೀಲಿಲ್ಲ. ಆವತ್ತೇ ಅಮ್ಮ ಬಾವಿ ಹತ್ರ ನಿಂತು ಎದೆ ಬಡ್ಕೊಂಡು ಅತ್ಲು, ನನ್ನ ಮಗ ಗಣೀಲಿ ಸತ್ತೋದ ಅಂತ. ಊರೆಲ್ಲ ನಂಬ್ತು. ನಮ್ಮನ್ನ ಬಿಟ್ರು."

"ಕಲ್ಲು?"

"ಅದು ಆಮೇಲೆ. ಕಾಲ ಸುಧಾರಿಸ್ತು. ಇನ್ನು ನಿಜ ಹೇಳ್ಬೋದಲ್ಲಮ್ಮಾ ಅಂದೆ. ಯಾವ ನಿಜ ಅಂದ್ಲು. ಆಗ ನೆಡ್ಸಿದ್ದು."

"ನಿಮಗಂತೂ ಗೊತ್ತಿತ್ತಲ್ಲ?"

"ಅಮ್ಮ ಹೇಳಿದ್ದು ಸುಳ್ಳು ಅಂತ ಗೊತ್ತಿತ್ತು. ಅವನು ಬದುಕಿದಾನೆ ಅಂತ ಗೊತ್ತಿರ್ಲಿಲ್ಲ."

ಅತ್ತೆ ಎದ್ದು ಕಲ್ಲಿನ ಬುಡಕ್ಕೆ ಗುದ್ದಲಿ ಹಾಕಿದಳು. ಸೂಕ್ ಫೂನ್‌ಗೆ ಏನು ಮಾಡಬೇಕೋ ತೋಚದೆ ಅಪ್ಪನಿಗೆ ಫೋನ್ ಹಚ್ಚಿ, ಗೋರಿಯ ಕಡೆ ಹಿಡಿದಳು. ಅಪ್ಪ ತಮ್ಮ ಹೆಸರನ್ನು ಬಹಳ ಹೊತ್ತು ನೋಡಿದರು.

"ಪಕ್ಕದ್ದು ಯಾರ್ದು?"

"ಅಮ್ಮಂದು" ಎಂದಳು ಅತ್ತೆ, ಬಗ್ಗಿದಲ್ಲಿಂದಲೇ.

"ಮೊಯ್?"

"ಹೂಂ. ಕಿತ್ತುಹಾಕ್ತಿದೀನಿ. ಬದುಕಿರೋನಿಗೆ ಗೋರಿ ಯಾಕೆ?"

"ಬೇಡ ಕಣೇ. ಮಗ ಪಕ್ಕದಲ್ಲಿದಾನೆ ಅಂದ್ಕೊಂಡು ಇಷ್ಟು ದಿನ ಮಲಗಿದಾಳೆ. ಎಬ್ಬಿಸ್ಬೇಡ."

ಅತ್ತೆ ಗುದ್ದಲಿ ಊರಿ ನಿಂತಳು. "ಅಮ್ಮನ ಪಕ್ಕದ ಜಾಗ ಯಾವತ್ತು ನಂಗೆ ಬಿಟ್ಟಿದೀಯ ನೀನು?"

ಅಪ್ಪ ನಕ್ಕರು. ನಗು ಕೆಮ್ಮಾಯಿತು. ಅವರ ಮುಖ ಆಚೆ ಸರಿದು, ಫೋನಿನಲ್ಲಿ ಇಪೋದ ಮನೆಯ ಫ್ಯಾನು ಮಾತ್ರ ತಿರುಗುತ್ತಿತ್ತು.

ಆ ಗುಡ್ಡದಲ್ಲಿ ಪ್ರತಿ ವಸಂತದಲ್ಲೂ ಗೋರಿಯ ಅಕ್ಷರಗಳಿಗೆ ಹೊಸ ಬಣ್ಣ ತುಂಬುತ್ತಾರೆ. ಸತ್ತವರಿಗೆ ಕಪ್ಪು, ಬದುಕಿರುವಾಗಲೇ ಕಲ್ಲು ನೆಡಿಸಿಕೊಂಡವರಿಗೆ ಕೆಂಪು. ಆಚೆ ದಿಬ್ಬದಲ್ಲಿ ಗಂಡನ ಪಕ್ಕ ಅತ್ತೆಯದೂ ಒಂದು ಕಲ್ಲಿತ್ತು. ಅದಕ್ಕೆಂದು ತಂದಿದ್ದ ಕೆಂಪು ಬಣ್ಣದ ಡಬ್ಬಿಯನ್ನು ಅವಳು ಬುಟ್ಟಿಯಿಂದ ತೆಗೆದಳು. ಗುದ್ದಲಿಯ ಮೂಲೆಯಿಂದ ಸತ್ತ ವರ್ಷವನ್ನು ಕೆರೆದು ಹಾಕಿದಳು. ಆಮೇಲೆ ಕುಕ್ಕರಗಾಲಿನಲ್ಲಿ ಕೂತು ಅಣ್ಣನ ಹೆಸರನ್ನು ಒಂದೊಂದೇ ಗೆರೆಯಾಗಿ ತುಂಬತೊಡಗಿದಳು. ಅಲ್ಲಲ್ಲಿ ಬಣ್ಣ ಇಳಿದರೆ ಅಂಗಿಯ ತುದಿಯಿಂದ ಒರೆಸಿಕೊಂಡಳು.

"ಮುಗೀತಾ?" ಎಂದರು ಅಪ್ಪ.

"ತಡಿ, ಒಣಗ್ಲಿ."

ಅತ್ತೆ ತಲೆಯ ಬಿದಿರು ಟೋಪಿ ತೆಗೆದು, ಹಸಿ ಅಕ್ಷರಗಳ ಮೇಲೆ ನೊಣ ಕೂರದಂತೆ ಮೆಲ್ಲಗೆ ಬೀಸುತ್ತ ಕೂತಳು.