ಕಾಲುವೆಯಲ್ಲಿ ಇಟ್ಟ ಮುಹೂರ್ತ

ಬೋಟು ಹತ್ತುವಾಗಲೇ ಕೌಸಲ್ಯಾಗೆ ಅನುಮಾನ ಬರಬೇಕಿತ್ತು. ಸಂಜೆಯ ತಿರುಗಾಟಕ್ಕೆ ಯಾರಾದರೂ ರೇಷ್ಮೆ ಸೀರೆ ಉಟ್ಟು ಬರುತ್ತಾರೆಯೇ? ಗಂಡ ಕೇಶವನಿಗೆ ಅರವತ್ತು ತುಂಬಿದ ಶಾಂತಿಹೋಮ ಬೆಳಿಗ್ಗೆ ದೇವಸ್ಥಾನದಲ್ಲೇ ಮುಗಿದಿತ್ತು. ಸಂಜೆ ಕೆರೆದಡದ ಸೌತ್ ಲೇಕ್ ಯೂನಿಯನ್‌ನಿಂದ ಹೊರಟು, ಹಳೆಯ ಕಾಲುವೆಯುದ್ದಕ್ಕೂ ಸಮುದ್ರದ ಬಾಗಿಲಿನವರೆಗೆ ಹೋಗಿ ಬರುವುದು, ಊಟ, ಅಷ್ಟೇ ಎಂದಿದ್ದ ಮಗ ಅಭಿನವ್. ಮೇಲಿನ ಡೆಕ್ಕಿಗೆ ಹತ್ತಿ ನೋಡಿದರೆ ಪ್ಲಾಸ್ಟಿಕ್ಕಿನ ಬಾಳೆಕಂಬಗಳು ನಿಂತಿದ್ದವು. ರಾಘವೇಂದ್ರ ಭಟ್ಟರು ಪಂಚೆಯ ಮೇಲೊಂದು ಜಾಕೆಟ್ ಹಾಕಿಕೊಂಡು, ಗಾಳಿಗೆ ಹಾರುವ ಅಕ್ಷತೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತಿದ್ದರು. ಅವರ ಮುಂದಿನ ತಟ್ಟೆಯಲ್ಲಿ ತೆಂಗಿನಕಾಯಿ, ಅದರ ಮೇಲೆ ಅರಿಶಿನದ ದಾರದಲ್ಲಿ ಹೊಸ ತಾಳಿ.

"ಸರ್‌ಪ್ರೈಸ್ ಅಮ್ಮ," ಎಂದ ಅಭಿನವ್.

ಅರವತ್ತಕ್ಕೆ ಗಂಡ ಹೆಂಡತಿಗೆ ಮತ್ತೆ ತಾಳಿ ಕಟ್ಟುವುದು ಪದ್ಧತಿ. ಅದೊಂದು ಬೇಡ ಎಂದು ಅವಳು ಮೊದಲೇ ಹೇಳಿದ್ದಳು. ಅಮ್ಮನಿಗೆ ನಾಚಿಕೆ ಎಂದು ಮಕ್ಕಳು ನಕ್ಕಿದ್ದರು. ಹೆಂಗಸು ಬೇಡ ಎಂದರೆ ನಮ್ಮ ಜನ ಅದಕ್ಕೆ ನಾಚಿಕೆ ಎನ್ನುತ್ತಾರೆ, ಇಲ್ಲವೇ ಸಂಕೋಚ ಎನ್ನುತ್ತಾರೆ. ಬೇಡ ಎಂದರೆ ಬೇಡ ಎಂದೇ ಇರಬಹುದೆಂದು ಯಾರ ತಲೆಗೂ ಹೋಗುವುದಿಲ್ಲ.

ಅವಳು ಈ ಅರವತ್ತು ಮುಗಿಯಲಿ ಎಂದು ಕಾಯುತ್ತಿದ್ದಳು. ಮುಗಿದ ಮೇಲೆ ಊರಾಚೆ ಡುವಾಲ್‌ನ ಮನೆ ಬಿಟ್ಟು, ಜನವಸತಿಯ ಕ್ರಾಸ್‌ರೋಡ್ಸ್‌ನಲ್ಲಿ ಗೆಳತಿ ಯಾಮಿನಿಯ ಅಪಾರ್ಟ್‌ಮೆಂಟಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಕೇಶವ ಹೊಡೆಯುತ್ತಾನೆಂಬುದು ಈ ಊರಲ್ಲಿ ಯಾಮಿನಿಯೊಬ್ಬಳಿಗೇ ಗೊತ್ತು. ಬೇರೆ ಯಾರಿಗೆ ಹೇಳಿದರೂ ನಂಬುವ ಹಾಗಿರಲಿಲ್ಲ. ವಿಮಾನದ ಕಂಪನಿಯಲ್ಲಿ ದೊಡ್ಡ ಎಂಜಿನಿಯರು, ಕನ್ನಡ ಸಂಘದ ಹಿರಿಯ, ಹೊಸದಾಗಿ ಬಂದ ಹುಡುಗರಿಗೆಲ್ಲ ಮನೆ ಹುಡುಕಿಕೊಟ್ಟು ಡ್ರೈವಿಂಗ್ ಕಲಿಸಿದವನು. ಹೆಂಡತಿಗೆ ಮಾತ್ರ ಕಲಿಸಲಿಲ್ಲ. ಡುವಾಲ್‌ನಲ್ಲಿ ಪಕ್ಕದ ಮನೆ ಎಂದರೆ ಹುಲ್ಲುಗಾವಲಿನಾಚೆ ಕಾಣುವ ಒಂದು ದೀಪ, ಕಾರಿಲ್ಲದವಳು ಅಲ್ಲಿಂದ ಎಲ್ಲಿಗೆ ತಾನೇ ಹೋದಾಳು?

ಈಗ ಇಷ್ಟು ಜನರೆದುರು ತಾಳಿ ಕಟ್ಟಿಸಿಕೊಂಡುಬಿಟ್ಟರೆ ಮತ್ತೆ ಹೊರಡುವ ಧೈರ್ಯ ತನಗೆ ಬರುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬೋಟು ನೀರ ಮೇಲಿನ ಮನೆಗಳ ಸಾಲು ದಾಟಿ, ಫ್ರೀಮಾಂಟ್ ಸೇತುವೆಯಡಿ ನುಸುಳಿ ಕಾಲುವೆಗಿಳಿಯಿತು. ನೂರು ವರ್ಷದ ಹಿಂದೆ ಈ ಕಾಲುವೆ ತೋಡಿ ದೊಡ್ಡ ಕೆರೆಯ ನೀರನ್ನೇ ಇಳಿಸಿದರು ಎಂದು ಕ್ಯಾಪ್ಟನ್ ಮೈಕಿನಲ್ಲಿ ಹೇಳುತ್ತಿದ್ದ. ಕೇಳುವವರಿರಲಿಲ್ಲ, ಎಲ್ಲರೂ ಫೋಟೋ ತೆಗೆಯುವುದರಲ್ಲಿದ್ದರು. ಮುಹೂರ್ತವನ್ನು ಅಭಿನವ್ ಲಾಕ್‌ನೊಳಗೆ ಇಡಿಸಿದ್ದ. ಲಾಕ್ ಎಂದರೆ ಕಾಲುವೆಯ ಕೊನೆಯಲ್ಲಿರುವ ಕಾಂಕ್ರೀಟ್ ತೊಟ್ಟಿ. ಬೋಟನ್ನು ಒಳಗೆ ಬಿಟ್ಟು, ಹಿಂದಿನ ಬಾಗಿಲು ಮುಚ್ಚಿ, ನೀರನ್ನು ಸಮುದ್ರದ ಮಟ್ಟಕ್ಕೆ ಇಳಿಸುತ್ತಾರೆ. "ಅಲ್ಲಿ ಬೋಟ್ ಅಲ್ಲಾಡಲ್ಲ, ವಿಡಿಯೋ ಸ್ಟೆಡಿಯಾಗಿ ಬರತ್ತೆ," ಎಂದು ಭಟ್ಟರಿಗೆ ವಿವರಿಸಿದ್ದ. ಜಾಣ ಮಗ.

ತಾಳಿಯ ತಟ್ಟೆ ಎಲ್ಲರ ಮುಂದೆ ಹೋಯಿತು. ಒಬ್ಬೊಬ್ಬರೂ ಮುಟ್ಟಿ ಕಣ್ಣಿಗೊತ್ತಿಕೊಂಡರು. ಯಾಮಿನಿಯ ಮುಂದೆ ಬಂದಾಗ ಕೌಸಲ್ಯಾ ಅವಳ ಮುಖವನ್ನೇ ನೋಡಿದಳು. ಯಾಮಿನಿ ತಲೆ ತಗ್ಗಿಸಿಕೊಂಡೇ ತಾಳಿ ಮುಟ್ಟಿ, ತಟ್ಟೆಯನ್ನು ಪಕ್ಕದವರಿಗೆ ದಾಟಿಸಿದಳು. ಅವಳಾದರೂ ಏನು ಮಾಡಬೇಕಿತ್ತು? ಆದರೂ ಕೌಸಲ್ಯಾಗೆ ಅಳು ಬಂತು.

ಹಿಂದಿನ ಬಾಗಿಲು ಮುಚ್ಚಿಕೊಂಡಿತು. ಬೋಟು ಇಳಿಯತೊಡಗಿದಂತೆ ಎರಡೂ ಪಕ್ಕದ ಒದ್ದೆ ಗೋಡೆ ಮೇಲೇರಿತು. ದಡದ ಕಂಬಿಗೆ ಒರಗಿದ್ದ ಪ್ರವಾಸಿಗಳು ಇದ್ಯಾವುದೋ ಭಾರತದ ಮದುವೆ ಎಂದು ಕೈ ಬೀಸಿದರು.

"ಯಾರಾದ್ರೂ ಅಮ್ಮನ ಕೂದಲು ಎತ್ತಿ ಹಿಡೀರಿ," ಎಂದರು ಭಟ್ಟರು.

ಮಗಳು ಸ್ಪಂದನಾ ಹಿಂದೆ ಬಂದು ನಿಂತಳು. ಕೌಸಲ್ಯಾ ಯಾವಾಗಲೂ ತುರುಬನ್ನು ಕುತ್ತಿಗೆ ಮುಚ್ಚುವಷ್ಟು ಕೆಳಗೆ ಹಾಕುವವಳು. ಸ್ಪಂದನಾ ಅದನ್ನು ಮೆಲ್ಲಗೆ ಎತ್ತಿದಳು. ಮೊನ್ನೆ ಕರೆದ ತಕ್ಷಣ ಫೋನ್ ಇಡಲಿಲ್ಲವೆಂದು ಕೇಶವ ಕುತ್ತಿಗೆ ಹಿಡಿದು ಅಡುಗೆಕಟ್ಟೆಗೆ ಒತ್ತಿದ್ದ. ಬೆರಳುಗಳ ಗುರುತು ಇನ್ನೂ ನೀಲಿಯಾಗಿತ್ತು, ಉಗುರು ನಾಟಿದ ಕಡೆ ಹಕ್ಕಳೆ ಕಟ್ಟಿತ್ತು. ಮಗಳ ಕೈ ನಿಂತುಹೋದದ್ದು ಕೌಸಲ್ಯಾಗೆ ತಿಳಿಯಿತು.

ಇವಳು ನೋಡಿದಳು, ಈಗ ಏನಾದರೂ ಹೇಳುತ್ತಾಳೆ, ಎಂದುಕೊಂಡಳು ಕೌಸಲ್ಯಾ.

ಸ್ಪಂದನಾ ತಾಯಿಯ ಮುಡಿಯಲ್ಲಿದ್ದ ಮಲ್ಲಿಗೆ ದಂಡೆಯನ್ನು ಎಳೆದು ಗುರುತಿನ ಮೇಲೆ ಹರಡಿದಳು. ಎಷ್ಟು ಚುರುಕಾಗಿ, ಎಷ್ಟು ನಾಜೂಕಾಗಿ ಮುಚ್ಚಿದಳೆಂದರೆ ಕೌಸಲ್ಯಾಗೆ ತನ್ನದೇ ಕೈ ನೆನಪಾಯಿತು. ಈ ಮಗಳು ಚಿಕ್ಕವಳಿದ್ದಾಗ ಕನ್ನಡಿಯ ಮುಂದೆ ಕೂತು, ಇನ್ನೂ ಸ್ವಲ್ಪ ಕೆಳಗೆ ಹಾಕು ಪುಟ್ಟಿ, ಕಾಣಬಾರದು, ಎಂದು ಇವಳ ಕೈಯಿಂದಲೇ ತುರುಬು ಹಾಕಿಸಿಕೊಳ್ಳುತ್ತಿದ್ದವಳು ತಾನೇ ಅಲ್ಲವೇ? ಮಗಳಿಗೆ ಗೊತ್ತಿಲ್ಲವೆಂದು ಇಷ್ಟು ದಿನ ತನ್ನನ್ನು ತಾನೇ ನಂಬಿಸಿಕೊಂಡಿದ್ದಳು.

"ಗಟ್ಟಿಮೇಳ, ಗಟ್ಟಿಮೇಳ," ಎಂದರು ಭಟ್ಟರು. ಸ್ಪೀಕರಿನಲ್ಲಿ ನಾದಸ್ವರ ಜೋರಾಯಿತು. ಕೇಶವ ದಾರ ಹಿಡಿದು ಬಗ್ಗಿದ.

"ಬೇಡ," ಎಂದಳು ಕೌಸಲ್ಯಾ.

ಎಲ್ಲರೂ ನಕ್ಕರು. ಯಾರೋ, ಆಂಟಿಗೆ ಈಗಲೂ ನಾಚಿಕೆ ನೋಡಿ, ಎಂದರು.

"ನಾಚಿಕೆ ಅಲ್ಲ. ನನಗೆ ಇವರ ಕೈಯಿಂದ ತಾಳಿ ಬೇಡ," ಎಂದು ಎದ್ದು ನಿಂತಳು. ನಗು ನಿಂತಿತು. ನಾದಸ್ವರ ಮಾತ್ರ ನಡೆದೇ ಇತ್ತು. ಕೇಶವ ಒಂದು ಗಳಿಗೆ ಅವಳನ್ನೇ ನೋಡಿ, ತಾಳಿಯನ್ನು ತಟ್ಟೆಗಿಟ್ಟು ಜನರ ಕಡೆ ತಿರುಗಿ ನಕ್ಕ.

"ಬೆಳಗ್ಗೆಯಿಂದ ಉಪವಾಸ ನೋಡಿ, ಬಿಪಿ ಏರಿದೆ ಪಾಪ. ಯಾರಾದ್ರೂ ಸ್ವಲ್ಪ ಜ್ಯೂಸ್ ಕೊಡಿ."

ಎಲ್ಲರಿಗೂ ಅದೇ ಬೇಕಾಗಿತ್ತು. ಜ್ಯೂಸ್ ಬಂತು, ಕುರ್ಚಿ ಬಂತು, ಬಿಪಿಯ ಮಾತ್ರೆಗಳ ಚರ್ಚೆ ಶುರುವಾಯಿತು. ಬದುಕಿನಲ್ಲಿ ಒಂದೇ ಒಂದು ಸಲ ತಾನು ಜನರೆದುರು ಬಾಯಿಬಿಟ್ಟು ಆಡಿದ ಮಾತನ್ನು ಅವನು ಎಷ್ಟು ಸಲೀಸಾಗಿ ಕಾಯಿಲೆ ಮಾಡಿಬಿಟ್ಟ.

ವಾಪಸ್ಸು ಬರುವಷ್ಟು ಹೊತ್ತೂ ಅವಳು ಬೋಟಿನ ತುದಿಯಲ್ಲಿ ಒಬ್ಬಳೇ ಕೂತಿದ್ದಳು. ನೀರಿನ ನಡುವೆ ಎದ್ದು ಹೋಗುವುದಾದರೂ ಎಲ್ಲಿಗೆ? ಸೇತುವೆ ದಾಟಿದ ಮೇಲೆ ಸ್ಪಂದನಾ ಬಂದು ಪಕ್ಕದಲ್ಲಿ ಕೂತಳು.

"ಅಮ್ಮ, ಯು ಕುಡ್ ಹ್ಯಾವ್ ವೇಟೆಡ್. ಮನೆಗೆ ಹೋದ್ಮೇಲೆ ಹೇಳಬಹುದಿತ್ತು."

"ಮನೇಲಿ ನಾನು, ನಿಮ್ಮಪ್ಪ ಇಬ್ಬರೇ ಇರ್ತೀವಿ ಪುಟ್ಟಿ. ಇಲ್ಲಿ ಇಷ್ಟು ಜನ ಇದಾರೆ ಅಂತ ಹೇಳಿದ್ದು."

ಸ್ಪಂದನಾ ನೀರಿನ ಕಡೆ ತಿರುಗಿದಳು. "ಟುನೈಟ್ ಅಪ್ಪನ ಜೊತೆ ಹೋಗು. ನಾಳೆ ನಾನು ಬಂದು ಮಾತಾಡ್ತೀನಿ," ಎಂದಳು. ಹೇಳುವಾಗ ತಾಯಿಯ ಮುಖ ನೋಡಲಿಲ್ಲ.

ಬೋಟು ಹತ್ತಿದ್ದ ಕಟ್ಟೆ ಬಂತು. ಇಳಿಯುವ ಮೆಟ್ಟಿಲ ಬಳಿ ದೊಡ್ಡ ದೀಪದ ಕೆಳಗೆ ಕೇಶವ ಅವಳ ಕೋಟನ್ನು ಬಿಡಿಸಿ ಹಿಡಿದು ನಿಂತಿದ್ದ. ಜನರೆದುರು ಅವನು ಯಾವಾಗಲೂ ಹಾಗೆಯೇ ಕೋಟು ಹಿಡಿಯುತ್ತಾನೆ. ಕಿರುಬೆರಳಿಗೆ ಕಾರಿನ ಕೀ ಸಿಕ್ಕಿಸಿಕೊಂಡಿದ್ದ.

"ಬಾ ಕೌಸಲ್ಯಾ, ಚಳಿ."

ಅವಳು ಅವನ ಮುಂದೆ ಬಂದು ನಿಂತಳು. ಹಿಂದೆ ಇಳಿಯಲು ಕಾದಿದ್ದ ಅಷ್ಟೂ ಜನರ ಕಡೆ ಬೆನ್ನಿತ್ತು. ಎರಡೂ ಕೈ ಎತ್ತಿ ತುರುಬಿನ ಪಿನ್ನುಗಳನ್ನು ಒಂದೊಂದಾಗಿ ಕಿತ್ತಳು. ಮಲ್ಲಿಗೆ ದಂಡೆ ಕೆಳಗೆ ಬಿತ್ತು. ಬಿಚ್ಚಿದ ಕೂದಲನ್ನು ಒಟ್ಟುಮಾಡಿ, ಸ್ನಾನಕ್ಕೆ ಹೋಗುವಾಗ ಹಾಕಿಕೊಳ್ಳುವ ಹಾಗೆ ನೆತ್ತಿಯ ಮೇಲೆ ಎತ್ತಿ ಗಂಟು ಹಾಕಿದಳು. ಬರಿ ಕುತ್ತಿಗೆಯ ಮೇಲೆ ದೀಪದ ಬೆಳಕು ಬಿತ್ತು. ಬಿಪಿಯ ಮಾತು ನಿಂತುಹೋಯಿತು.

"ಏನೇ ಮಾಡ್ತಿದೀಯ," ಎಂದ ಕೇಶವ. ತಗ್ಗಿದ, ಹಲ್ಲು ಕಚ್ಚಿದ ದನಿ. ಮನೆಯ ದನಿ. ಅದನ್ನು ಸಂಘದವರು ಕೇಳಿದ್ದು ಅದೇ ಮೊದಲು.

ಕೋಟನ್ನು ದಾಟಿ ಅವಳು ಮೆಟ್ಟಿಲಿಳಿದಳು. ಯಾಮಿನಿ ಜನರನ್ನು ಸರಿಸಿಕೊಂಡು ಹಿಂದೆಯೇ ಓಡಿಬಂದಳು. ಕೇಶವ ಹೆಜ್ಜೆ ಮುಂದಿಟ್ಟ. ಆದರೆ ಬಿದ್ದ ದಂಡೆಯನ್ನು ಎತ್ತಿಕೊಳ್ಳಲು ಬಗ್ಗಿದ್ದ ಸ್ಪಂದನಾ ಎದ್ದು ನಿಂತಿದ್ದು ಸರಿಯಾಗಿ ಮೆಟ್ಟಿಲಿಗೆ ಅಡ್ಡವಾಗಿ. ಪಕ್ಕಕ್ಕೆ ಸರಿ ಪುಟ್ಟಿ, ದಾರಿ ಬಿಡು, ಎಂದ. ಅವಳು ಕಂಬಿ ಹಿಡಿದ ಕೈಯನ್ನು ಬಿಡಲಿಲ್ಲ.

ಕೌಸಲ್ಯಾ ಅದನ್ನು ನೋಡಲಿಲ್ಲ. ಯಾಮಿನಿಯ ಕಾರಿನ ಕಡೆ ನಡೆಯುತ್ತಿದ್ದಳು. ಕೆರೆಯ ಗಾಳಿ ತಾಗಿ ಕುತ್ತಿಗೆಯ ಗಾಯ ಉರಿಯಿತು. ಅವಳು ತುರುಬನ್ನು ಇಳಿಸಲಿಲ್ಲ.