ಕರಬಸಪ್ಪನ ಬಲ ಮೊಣಕಾಲು

ಶಿಗ್ಗಾಂವಿಯ ಹೊರಗೆ, ಕೀಲುಗಳ ಬಲ ಅಳೆಯುವ ಪ್ರಯೋಗಾಲಯದಲ್ಲಿ ಸತ್ತವರು ದಾನ ಕೊಟ್ಟ ಮೊಣಕಾಲುಗಳನ್ನು ಪಾಸು ಮಾಡುವುದು, ಫೇಲು ಮಾಡುವುದು ಫರ್ಜಾನಾಳ ಕೆಲಸ. ಅವಳ ಕೈ ಬಲು ಬಿಗಿ. ಸವೆದಿದ್ದರೆ ಫೇಲು, ಹಿಂದೆಂದೋ ಮುರಿದಿದ್ದರೆ ಫೇಲು, ಎಕ್ಸ್‌ರೇಯಲ್ಲಿ ಒಂದು ಸ್ಕ್ರೂ ಕಂಡರಂತೂ ಕೇಳುವುದೇ ಬೇಡ. ಹಾನಗಲ್ಲ ಕಡೆಯಿಂದ ಬಂದ ಮೂರನ್ನು ಸಾಲಾಗಿ ಫೇಲು ಮಾಡಿದಾಗ ಎಂಜಿನಿಯರ್ ಲೋಹಿತ ರೇಗಿದ್ದ.

"ನೀವೇನ ಮೊಣಕಾಲ ನೋಡಾಕತ್ತೀರೋ, ವರ ನೋಡಾಕತ್ತೀರೋ?"

ಅವನ ಪರೀಕ್ಷೆಗೆ ಆರು ಬೇಕಿತ್ತು, ಐದು ಸಿಕ್ಕಿದ್ದವು. ಆರನೆಯದಾಗಿ ಬಂದದ್ದು ರಟ್ಟೀಹಳ್ಳಿಯ ಕರಬಸಪ್ಪನ ಬಲಗಾಲು. ಹಿರೇಕೆರೂರು–ಹಾನಗಲ್ಲ ಬಸ್ಸಿನ ಕಂಡಕ್ಟರ್ ಆಗಿದ್ದವನು, ನಿವೃತ್ತಿಯಾದ ವರ್ಷವೇ ಎದೆನೋವಿನಿಂದ ತೀರಿಕೊಂಡಿದ್ದ. ಬಲ ಮೊಣಕಾಲನ್ನು ಪರೀಕ್ಷೆಗೆ ಕೊಡಬೇಕೆಂದು ಬದುಕಿದ್ದಾಗಲೇ ಬರೆದಿಟ್ಟಿದ್ದ. ಎಂಟು ದಿನ ದೇಹವನ್ನು ಶೀತಲ ಕೋಣೆಯಲ್ಲಿ ಇಟ್ಟುಕೊಂಡು, ಕೆಲಸ ಮುಗಿಸಿ, ಮನೆಯವರಿಗೆ ಮರಳಿಸಬೇಕು. ಎಕ್ಸ್‌ರೇ ನೋಡಿದ ಫರ್ಜಾನಾ ಬೆರಗಾದಳು. ಅಷ್ಟು ಚೊಕ್ಕ ಮೊಣಕಾಲು ಅವಳ ಕೈಗೆ ಬಂದದ್ದೇ ಇಲ್ಲ.

ತೊಡಕಿದ್ದದ್ದು ಮೊಣಕಾಲಲ್ಲಿ ಅಲ್ಲ, ಫರ್ಜಾನಾಳ ನಾಲಿಗೆಯಲ್ಲಿ. ಸಹಿ ಪಡೆಯಲು ಹೋದಾಗ ಕರಬಸಪ್ಪನ ಹೆಂಡತಿ ವೀರವ್ವ ಒಂದೇ ಮಾತು ಕೇಳಿದ್ದಳು.

"ಹೊಳ್ಳಿ ಕೊಟ್ಟ ಮ್ಯಾಲೆ ಕಾಲ ಮಡಚತೈತಿಲ್ಲೋ ಯವ್ವಾ? ನಮ್ಮಾಗ ಮಲಗಿಸಿ ಮಣ್ಣ ಕೊಡಂಗಿಲ್ಲ. ಚಕ್ಕಳಮಕ್ಕಳ ಹಾಕಿ ಕುಂದರಸಬೇಕು. ಮೂವತ್ತ ವರ್ಷ ಬಸ್ಸಿನ್ಯಾಗ ನಿಂತಾರ ನಮ್ಮ ಮನಿಯವ್ರು. ಈಗರ ನೆಟ್ಟಗ ಕುಂದರ್ಲಿ."

"ಮಡಚತೈತ್ರಿ ಅವ್ವಾ, ನಾ ಮಾತ ಕೊಡ್ತೇನಿ," ಎಂದುಬಿಟ್ಟಿದ್ದಳು ಫರ್ಜಾನಾ.

ಲೋಹಿತನ ಯಂತ್ರ ಏನು ಮಾಡುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೇ? ಮೊಣಕಾಲೊಳಗೆ ಎರಡು ಮೂಳೆಗಳನ್ನು ಹಿಡಿದಿಡುವ ಲಿಗಮೆಂಟು ಹರಿಯುವವರೆಗೂ ಅದು ಎಳೆಯುತ್ತದೆ. ಹರಿದ ಮೇಲೆ ಕಾಲು ಮಡಚಹೋದರೆ ಮೂಳೆ ಜಾರಿ ಪಕ್ಕಕ್ಕೆ ಹೋಗುತ್ತದೆ. ಗೊತ್ತಿತ್ತು, ಆದರೂ ಆ ಹೆಂಗಸಿನ ಮುಖ ನೋಡಿ ಇಲ್ಲವೆನ್ನಲು ಬಾಯಿ ಬರಲಿಲ್ಲ. ಸವಣೂರಿನ ಅವಳ ಮನೆಯಲ್ಲೂ ಮಣ್ಣು ಕೊಡುವುದಕ್ಕೆ ರೀತಿ ರಿವಾಜು ಇದೆ. ಅದು ತಪ್ಪುವುದಾದರೆ ಅವಳ ತಾಯಿ ಬಾನುಬಿಯೂ ಹೀಗೇ ಕೇಳುತ್ತಿದ್ದಳು.

ಈಗ ಮೇಜಿನ ಮೇಲೆ ಹಾಳೆ. ಯೋಗ್ಯ, ಅಯೋಗ್ಯ ಎಂದು ಎರಡು ಚೌಕ. ಅಯೋಗ್ಯ ಎಂದು ಗುರುತು ಹಾಕಿದರೆ ಕಾಲಿಗೆ ಕತ್ತಿಯೂ ತಾಗದು, ಕೊಟ್ಟ ಮಾತೂ ಉಳಿಯುತ್ತದೆ. ಮೂರನ್ನು ಫೇಲು ಮಾಡಿದವಳು ನಾಲ್ಕನೆಯದನ್ನು ಮಾಡಿದರೆ ಯಾರು ಕೇಳುತ್ತಾರೆ? ಪೆನ್ನು ಆ ಚೌಕದವರೆಗೂ ಹೋಯಿತು. ಆದರೆ ಅವಳ ಕಣ್ಣಿಗೆ ಮಾಸೂರಿನ ಗದ್ದೆಗಳಲ್ಲಿ ದಿನವಿಡೀ ಕುಕ್ಕರುಗಾಲಿನಲ್ಲಿ ಕಳೆ ಕೀಳುವ ಹೆಂಗಸರು ಬಂದರು. ಅವರ ಮೊಣಕಾಲು ಕೈಕೊಟ್ಟರೆ ಡಾಕ್ಟರು ನೋಡುವ ಪುಸ್ತಕದಲ್ಲಿರುವುದು ಕುರ್ಚಿಯ ಮೇಲೆ ಕೂತು ಬೆಳೆದವರ ಅಳತೆ. ನೆಲದ ಮೇಲೆ ಕೂತು ಬೆಳೆದವರ ಅಳತೆ ಲೋಹಿತನ ಯಂತ್ರದಿಂದಲೇ ಬರಬೇಕು. ಇದನ್ನು ತಿಳಿದೇ ಕರಬಸಪ್ಪ ಕೊಟ್ಟಿದ್ದ. ಸುಳ್ಳು ಗುರುತು ಹಾಕಿದರೆ ಅದು ಅವನಿಗೇ ಮಾಡುವ ಮೋಸ. ಫರ್ಜಾನಾ ಯೋಗ್ಯ ಎಂದು ಗುರುತು ಹಾಕಿ, ನೇರ ಲೋಹಿತನ ಬಳಿ ಹೋಗಿ, ವೀರವ್ವನಿಗೆ ಕೊಟ್ಟ ಮಾತನ್ನು ಹೇಳಿ ತಪ್ಪೊಪ್ಪಿಕೊಂಡಳು.

"ಮಾತ ಕೊಡೂಕಿಂತ ಮೊದಲ ನನ್ನ ಒಂದ ಮಾತ ಕೇಳಬಾರದಿತ್ತೇನ್ರಿ? ಹರದದ್ದು ಮಡಚೂದು ಹೆಂಗ?"

"ಹೊಲೀತೇನ್ರಿ ಸರ."

"ಹೊಲದದ್ದು ಬಿಚ್ಚಿದ್ರ?"

"ಮತ್ತ ಹೊಲೀತೇನಿ."

ಲೋಹಿತ ಹಣೆ ಒತ್ತಿಕೊಂಡ, ಬೇಡವೆನ್ನಲಿಲ್ಲ. ಮರುದಿನ ಬೆಳಿಗ್ಗೆ ಮೊಣಕಾಲನ್ನು ಕೆಳಗೂ ಮೇಲೂ ಒಂದೊಂದು ಗೇಣು ಮೂಳೆಯ ಸಮೇತ ಕತ್ತರಿಸಿ ತೆಗೆದರು. ಒಣಗದಂತೆ ಉಪ್ಪುನೀರಿನ ಬಟ್ಟೆ ಸುತ್ತಿ, ಮೂಳೆಯ ತುದಿಗಳನ್ನು ಸಿಮೆಂಟಿನ ಅಚ್ಚಿನಲ್ಲಿ ಕೂರಿಸಿ ಯಂತ್ರಕ್ಕೆ ಕಚ್ಚಿಸಿದರು. ಲಿಗಮೆಂಟು ಟಪ್ಪೆಂದು ಹರಿದಾಗ ಪರದೆಯ ಮೇಲಿನ ಅಂಕಿ ಹಿಂದಿನ ಐದನ್ನೂ ಮೀರಿತ್ತು. ಲೋಹಿತ ಕುರ್ಚಿ ಬಿಟ್ಟು ಎದ್ದೇಬಿಟ್ಟ.

ಫರ್ಜಾನಾಳಿಗೆ ಸಂತೋಷಪಡಲು ಪುರುಸೊತ್ತಿರಲಿಲ್ಲ. ಅಚ್ಚು ಬಿಡಿಸಿ ದಾರ ಪೋಣಿಸಿದಳು. ಮೊದಲ ಸಲ ಹೊಲಿದು ಮಡಚಿದರೆ ಮೂಳೆ ಜಾರಿತು. ಎರಡನೆಯ ಸಲ ಬಿಗಿಯಾಗಿ ಹೊಲಿದರೆ ಅರ್ಧಕ್ಕೇ ನಿಂತಿತು. ಕಣ್ಣಲ್ಲಿ ನೀರು ತುಂಬಿದಾಗ ತಪ್ಪು ಹೊಳೆಯಿತು. ಕಾಲನ್ನು ಚಾಚಿಕೊಂಡು ಹೊಲಿಯುತ್ತಿದ್ದಳಲ್ಲ, ಕೂರಬೇಕಾದ ಕಾಲನ್ನು ಮಡಚಿಯೇ ಹೊಲಿಯಬೇಕು. ಲೋಹಿತ ಬಂದು ಮೊಣಕಾಲನ್ನು ಮಡಚಿ ಹಿಡಿದ, ಅವಳು ಮೂರನೆಯ ಸಲ ಹೊಲಿದಳು. ಕೊನೆಗೆ ಕತ್ತರಿಸಿದ ಮೂಳೆಗಳೊಳಗೆ ಗಟ್ಟಿ ಪೈಪು ಕೂರಿಸಿ, ಮೊಣಕಾಲನ್ನು ತೊಡೆಗೂ ಕಣಕಾಲಿಗೂ ಸೇರಿಸಿದರು.

ಸೋಮವಾರ ರಟ್ಟೀಹಳ್ಳಿಗೆ ದೇಹದ ಜೊತೆ ಇಬ್ಬರೂ ಹೋದರು. ಮನೆಯವರು ಗೋಡೆಗೆ ಆನಿಸಿ ಹಲಗೆಯ ಮೇಲೆ ಕರಬಸಪ್ಪನನ್ನು ಕೂರಿಸಿದರು, ಎಡಗಾಲು ಮಡಚಿದರು. ಬಲಗಾಲನ್ನು ಮುಟ್ಟಲು ಮಾತ್ರ ಯಾರಿಗೂ ಧೈರ್ಯ ಬರಲಿಲ್ಲ. ಕಾಲು ಹೊಲಿದವರು ಯಾರೆಂದು ಲೋಹಿತನಿಂದ ತಿಳಿದಿದ್ದ ವೀರವ್ವ, ಬಾಗಿಲಲ್ಲಿ ನಿಂತ ಫರ್ಜಾನಾಳನ್ನು ಕರೆದಳು.

"ಹೊಲದಾಕಿ ನೀನ. ನೀನ ಬಂದು ಮಡಚು."

ಹಿರಿಯರೊಬ್ಬರು ಬೇಡವೆನ್ನುವಂತೆ ಗಂಟಲು ಸರಿಮಾಡಿಕೊಂಡರು. ವೀರವ್ವ ತಿರುಗಿ ನೋಡಿದ್ದೇ ತಡ, ಅವರು ಚಾವಣಿಯ ಜಂತಿ ಎಣಿಸತೊಡಗಿದರು. ಫರ್ಜಾನಾ ತಲೆಯ ಮೇಲಿನ ದುಪಟ್ಟಾ ಸರಿಪಡಿಸಿಕೊಂಡು ಬಗ್ಗಿದಳು. ಹಿಮ್ಮಡಿ ಹಿಡಿದು ಮೆಲ್ಲಗೆ ಮಡಚತೊಡಗಿದಳು. ಅರ್ಧ ದಾರಿಯಲ್ಲಿ ಒಳಗೇನೋ ಜಗ್ಗಿದಂತಾಯಿತು, ಹೋಯಿತು ಅಂದುಕೊಂಡಳು. ಹೋಗಲಿಲ್ಲ. ಪಾದ ಎಡತೊಡೆಯ ಮೇಲೆ ಬಂದು ಕೂತಿತು. ಒಂದೊಂದಾಗಿ ಕೈ ತೆಗೆದಳು. ಕಾಲು ಇಟ್ಟಲ್ಲೇ ಇತ್ತು. ಸಾವಿನ ಮನೆಯಲ್ಲಿ ತೋರಿಸಿಕೊಳ್ಳಲು ನಾಚಿಕೆಯಾಗುವಷ್ಟು ಸಂತೋಷ ಅವಳಿಗೆ.

ವೀರವ್ವ ಗಂಡನ ಹಣೆಗೆ ವಿಭೂತಿ ಹಚ್ಚಿದಳು. ಅವನ ಮಡಚಿದ ಮೊಣಕಾಲನ್ನು ಸವರಿದಳು. ಆಮೇಲೆ ಹೊರಟು ನಿಂತ ಫರ್ಜಾನಾಳನ್ನು ತಡೆದಳು.

"ಸಹಿ ಮಾಡೂ ಕಾಗದ ಇನ್ನೊಂದ ಇದ್ರ ಕೊಡು. ನಂದೂ ಬರಕೋ. ಹೊಲ್ಯಾಕ ಮಾತ್ರ ನೀನ ಬರಬೇಕು."

ಈ ಸಲ ಫರ್ಜಾನಾ ಮಾತು ಕೊಡುವ ಮೊದಲು ಲೋಹಿತನ ಮುಖ ನೋಡಿದಳು. ಅವನು ಹೂಂ ಎಂದು ತಲೆಯಾಡಿಸಿದ.